ಕೋಷ್ಟಕಗಳ ಜೋಡಣೆ: ಗೈರುಹಾಜರಾದವರು ಎಲ್ಲಿ ಹೋದರು?

ಒಂದು ತರಗತಿಯಲ್ಲಿ 40 ವಿದ್ಯಾರ್ಥಿಗಳಿದ್ದಾರೆ ಎಂದುಕೊಳ್ಳೋಣ. ಅವರ ದಾಖಲಾತಿ ಸಂಖ್ಯೆ, ಹೆಸರು ಮತ್ತು ಊರು ಒಂದು ಕೋಷ್ಟಕದಲ್ಲಿವೆ. ದಾಖಲಾತಿ ಸಂಖ್ಯೆ, ಹೆಸರು ಮತ್ತು ವಿಜ್ಞಾನ ಪರೀಕ್ಷೆಯ ಅಂಕಗಳು ಇನ್ನೊಂದರಲ್ಲಿವೆ. ನಾಲ್ವರು ಪರೀಕ್ಷೆಗೆ ಬಾರದ ಕಾರಣ ಎರಡನೆಯದರಲ್ಲಿ 36 ಸಾಲುಗಳು ಮಾತ್ರ. ಯಾವ ಊರಿನ ಮಕ್ಕಳಿಗೆ ಹೆಚ್ಚಿನ ನೆರವು ಬೇಕೆಂದು ತಿಳಿಯಲು ಈ ಎರಡನ್ನೂ ಜೋಡಿಸಬೇಕು.

ಹೀಗೆ ಸಂಬಂಧವುಳ್ಳ ಕೋಷ್ಟಕಗಳಲ್ಲಿ ದತ್ತಾಂಶವನ್ನಿಡುವ ಮಾದರಿಯನ್ನು 1970ರಲ್ಲಿ ಐಬಿಎಂ ಸಂಸ್ಥೆಯ ಇ. ಎಫ್. ಕಾಡ್ ಮಂಡಿಸಿದರು. ಕೋಷ್ಟಕಗಳನ್ನು ಕೂಡಿಸುವ 'ಜಾಯಿನ್' ಕ್ರಿಯೆಯೂ ಅದರಲ್ಲಿತ್ತು. ಪೈಥಾನ್ ಭಾಷೆಯ 'ಪಾಂಡಾಸ್' ಗ್ರಂಥಾಲಯದಲ್ಲಿ ಈ ಕೆಲಸಕ್ಕೆ 'ಮರ್ಜ್' ಎಂಬ ಆದೇಶವಿದೆ. ಎರಡು ಕೋಷ್ಟಕಗಳ ಹೆಸರನ್ನೂ ಎರಡರಲ್ಲೂ ಇರುವ ಒಂದು ಕಾಲಮ್ಮಿನ ಹೆಸರನ್ನೂ ಕೊಟ್ಟರೆ ಸಾಕು. ಆ ಕಾಲಮ್ಮೇ ಜೋಡಣೆಯ ಕೀಲಿ.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಬೇರೇನೂ ಹೇಳದಿದ್ದರೆ ಮರ್ಜ್ 'ಇನ್ನರ್' ಜೋಡಣೆಯನ್ನು ಮಾಡುತ್ತದೆ. ಅಂದರೆ ಎರಡೂ ಕಡೆ ಇರುವ ಕೀಲಿಗಳ ಸಾಲುಗಳು ಮಾತ್ರ ಉಳಿಯುತ್ತವೆ. ಗೈರುಹಾಜರಾದ ನಾಲ್ವರು ಯಾವ ಎಚ್ಚರಿಕೆಯೂ ಇಲ್ಲದೆ ಕಾಣೆಯಾಗುತ್ತಾರೆ! 27 ಮಂದಿ ಉತ್ತೀರ್ಣರಾಗಿದ್ದರೆ, 36ಕ್ಕೆ ಲೆಕ್ಕ ಹಾಕಿದಾಗ ಫಲಿತಾಂಶ ಶೇಕಡಾ 75. 40ಕ್ಕೆ ಲೆಕ್ಕ ಹಾಕಿದರೆ ಶೇಕಡಾ 67.5. ನೆರವು ಹೆಚ್ಚು ಬೇಕಾದವರೇ ಪಟ್ಟಿಯಿಂದ ಹೊರಗುಳಿದಿರಬಹುದು.

ಇದಕ್ಕೆ ಪರಿಹಾರ 'ಲೆಫ್ಟ್' ಜೋಡಣೆ. ಮೊದಲು ಹೆಸರಿಸಿದ ಕೋಷ್ಟಕದ ಎಲ್ಲ ಸಾಲುಗಳೂ ಇದರಲ್ಲಿ ಉಳಿಯುತ್ತವೆ. ಅಂಕ ಸಿಗದವರ ಎದುರು ಜಾಗ ಖಾಲಿ ಇರುತ್ತದೆ. ಆ ಖಾಲಿ ಜಾಗದಲ್ಲಿ ಸೊನ್ನೆ ತುಂಬಬಾರದು. ಗೈರುಹಾಜರಿ ಬೇರೆ, ಸೊನ್ನೆ ಅಂಕ ಬೇರೆ. 'ಔಟರ್' ಜೋಡಣೆಯಲ್ಲಾದರೋ ಎರಡೂ ಕಡೆಯ ಎಲ್ಲ ಸಾಲುಗಳೂ ಬರುತ್ತವೆ. ಅಂಕಪಟ್ಟಿಯಲ್ಲಿ ದಾಖಲಾತಿ ಸಂಖ್ಯೆ ತಪ್ಪಾಗಿದ್ದರೆ ಅದು ಇಲ್ಲಿ ಬೆಳಕಿಗೆ ಬರುತ್ತದೆ.

ಕೀಲಿಯ ಆಯ್ಕೆಯೂ ಮುಖ್ಯ. ದಾಖಲಾತಿ ಸಂಖ್ಯೆಯ ಬದಲು ಹೆಸರನ್ನೇ ಕೀಲಿ ಮಾಡಿದೆವು ಎನ್ನಿ. ತರಗತಿಯಲ್ಲಿ ಇಬ್ಬರು ಮಂಜುನಾಥರಿದ್ದು ಇಬ್ಬರೂ ಪರೀಕ್ಷೆ ಬರೆದಿದ್ದರೆ, ಈ ಕಡೆಯ ಪ್ರತಿಯೊಬ್ಬನೂ ಆ ಕಡೆಯ ಇಬ್ಬರೊಂದಿಗೂ ಹೊಂದುತ್ತಾನೆ. ಎರಡರ ಬದಲು ನಾಲ್ಕು ಸಾಲುಗಳಾಗುತ್ತವೆ. ಇನ್ನರ್ ಜೋಡಣೆಯಲ್ಲಿ 36 ಇರಬೇಕಾದದ್ದು 38 ಆಗುತ್ತದೆ. ಒಬ್ಬನ ಅಂಕ ಇನ್ನೊಬ್ಬನ ಊರಿನ ಲೆಕ್ಕಕ್ಕೂ ಸೇರುತ್ತದೆ. ಆದ್ದರಿಂದ ಕೀಲಿಯು ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿರಬೇಕು. ಬರೆಯುವ ಕ್ರಮವೂ ಒಂದೇ ಇರಬೇಕು: ಅಕ್ಷರರೂಪದಲ್ಲಿ ದಾಖಲಿಸಿದ '07' ಮತ್ತು '7' ಗಣಕಕ್ಕೆ ಒಂದೇ ಅಲ್ಲ.

ಪರಿಶೀಲನೆಗೂ ಸೌಲಭ್ಯಗಳಿವೆ. ಮರ್ಜ್ ಆದೇಶದ 'ವ್ಯಾಲಿಡೇಟ್' ಆಯ್ಕೆಯಲ್ಲಿ ಒಂದಕ್ಕೆ ಒಂದು ಎಂಬ ನಿಯಮವನ್ನು ಕೊಟ್ಟರೆ, ಕೀಲಿ ಪುನರಾವರ್ತನೆಯಾದ ಕೂಡಲೇ ದೋಷಸಂದೇಶ ಬರುತ್ತದೆ. 'ಇಂಡಿಕೇಟರ್' ಆಯ್ಕೆಯು ಪ್ರತಿ ಸಾಲು ಯಾವ ಕೋಷ್ಟಕದಿಂದ ಬಂದಿತೆಂದು ತಿಳಿಸುತ್ತದೆ.

ಎಲ್ಲಕ್ಕಿಂತ ಸರಳವಾದುದು ಎಣಿಕೆ. ಜೋಡಿಸುವ ಮೊದಲು ಸಾಲುಗಳೆಷ್ಟು, ಜೋಡಿಸಿದ ಮೇಲೆ ಎಷ್ಟು? ವ್ಯತ್ಯಾಸಕ್ಕೆ ಕಾರಣ ಗೊತ್ತಾಗುವವರೆಗೆ ಸರಾಸರಿಯನ್ನಾಗಲೀ ಶೇಕಡಾವಾರನ್ನಾಗಲೀ ತೆಗೆಯಬೇಡಿ. ನಿಮ್ಮ ತರಗತಿಯ ಹಾಜರಿ ಮತ್ತು ಅಂಕಗಳನ್ನೇ ಬಳಸಿ ಇದನ್ನು ಮಾಡಿ ನೋಡಿ.