ಉಳಿ ಕೆಳಗಿಟ್ಟ ಮೇಲೆ

ಕೆತ್ತನೆ ಕಲಿಯುವವರ ಕೈಯಲ್ಲಿ ಮೊದಲ ಬೊಂಬೆ ರೂಪ ತಳೆಯಿತೆಂದರೆ ಮುಂದಿನ ಹೆಜ್ಜೆ ಪೇಂಟಿನಂಗಡಿಯತ್ತ. ಬಿಳಿಚಿದ ಮರ ಬೀಟೆಯಂತೆ ಕಾಣಲೆಂಬ ಆಸೆಗೆ ಗಾಢ ಕಂದು ಸ್ಟೇನ್ ತಂದು ಬಳಿಯುತ್ತಾರೆ. ವಾರಗಟ್ಟಲೆ ಕೂತು ಕೆತ್ತಿದ ಕಣ್ಣು, ಮಡಿಕೆ, ಗೆರೆಗಳೆಲ್ಲ ಅರ್ಧ ಗಂಟೆಯಲ್ಲಿ ಮಸಿಯೊಳಗೆ ಮುಳುಗಿಹೋಗುತ್ತವೆ. ಉಳಿ ಹಿಡಿಯಲು ಹೇಳಿಕೊಡುವವರು ಸಿಕ್ಕಾರು. ಉಳಿ ಕೆಳಗಿಟ್ಟ ಮೇಲಿನ ಕೆಲಸವನ್ನು ಅಷ್ಟೇ ಅಕ್ಕರೆಯಿಂದ ಹೇಳಿಕೊಡುವವರು ಕಡಿಮೆ.

ಶಿವನೆ ಮರದ ಗೇಣೆತ್ತರದ ಆನೆಯೊಂದನ್ನು ತೆಗೆದುಕೊಳ್ಳೋಣ. ಮೆದುವಾದ, ತಿಳಿ ಹಳದಿಯ ಶಿವನೆ ಕಲಿಯುವ ಕೈಗೆ ಹೇಳಿ ಮಾಡಿಸಿದ ಮರ. ಕಾಲು, ಸೊಂಡಿಲು ಮುರಿಯದಿರಲೆಂದು ಎಳೆ ಮೇಲಿಂದ ಕೆಳಕ್ಕೆ ಸಾಗುವಂತೆ ತುಂಡನ್ನು ನಿಲ್ಲಿಸಿ ಕೆತ್ತಿರುತ್ತಾರೆ. ಹಾಗಾಗಿ ನೆತ್ತಿ, ಬೆನ್ನು, ಪಾದದ ಅಡಿಗಳಲ್ಲಿ ಎಳೆಗಳ ಕತ್ತರಿಸಿದ ತುದಿ ತೆರೆದುಕೊಂಡಿರುತ್ತದೆ. ಮರ ಬದುಕಿದ್ದಾಗ ಬೇರಿನಿಂದ ನೀರು ಏರಿದ ಸಣ್ಣ ಕೊಳವೆಗಳ ಬಾಯಿ ಅವು. ಸ್ಟೇನ್ ಸೋಕಿದೊಡನೆ ಗಟಗಟನೆ ಕುಡಿದುಬಿಡುತ್ತವೆ. ಹೊಟ್ಟೆಯ ಪಕ್ಕ ಜೇನಿನ ಬಣ್ಣಕ್ಕೆ ತಿರುಗುವಷ್ಟರಲ್ಲಿ ನೆತ್ತಿ ಕಪ್ಪಿಟ್ಟಿರುತ್ತದೆ.

ಇದಕ್ಕೆ ಮದ್ದು ಸ್ಯಾಂಡ್‌ಪೇಪರ್‌ನಿಂದಲೇ ಶುರು. 120ರಿಂದ 220ರವರೆಗೆ ಎಳೆಯ ಜೊತೆಜೊತೆಗೇ ಉಜ್ಜಬೇಕು. ಅಡ್ಡ ಉಜ್ಜಿದ ಗೀರು ಬರಿಗಣ್ಣಿಗೆ ಕಾಣದಿದ್ದರೂ ಸ್ಟೇನ್ ಬಿದ್ದಾಗ ಎದ್ದು ಕೂರುತ್ತದೆ. ನೆತ್ತಿ, ಬೆನ್ನಿಗೆ ಮಾತ್ರ 320ರ ಕಾಗದ. ನುಣುಪಾದಷ್ಟೂ ಅವು ಕುಡಿಯುವುದು ಕಡಿಮೆ. ಆಮೇಲೆ ಒದ್ದೆ ಬಟ್ಟೆಯಿಂದ ಮೈ ಒರೆಸಿ ಒಣಗಲು ಬಿಟ್ಟರೆ ಮಲಗಿದ್ದ ನಾರುಗಳು ತರಿತರಿಯಾಗಿ ನಿಲ್ಲುತ್ತವೆ. ಅವನ್ನು ಹಗುರವಾಗಿ ಸವರಿ ತೆಗೆದರೆ ಮುಂದೆ ಮೈ ಒರಟಾಗದು. ಹಾಗೆಂದು ಇಡೀ ಆನೆಯನ್ನು ಉಜ್ಜಿ ನುಣ್ಣಗೆ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಚೂಪಾದ ಉಳಿ ಬಿಟ್ಟುಹೋದ ಸಣ್ಣ ಸಣ್ಣ ಮುಖಗಳು ಬೆಳಕು ಹಿಡಿಯುತ್ತವೆ. ಕಿವಿಯ ಮಡಿಕೆ, ಸೊಂಡಿಲ ಸುಕ್ಕುಗಳಲ್ಲಂತೂ ಅವು ಇರಲೇಬೇಕು.

ಕೆತ್ತುವಾಗ ಉಳಿದ ಶಿವನೆಯ ಚೂರೊಂದನ್ನು ಇದೇ ರೀತಿ ಉಜ್ಜಿ, ಅರ್ಧಕ್ಕೆ ಅಗಸೆ ಎಣ್ಣೆ, ಇನ್ನರ್ಧಕ್ಕೆ ಸ್ಟೇನ್ ಹಚ್ಚಿ ನೋಡಬೇಕು. ಬರೀ ಎಣ್ಣೆಗೇ ಹಳದಿ ಗಾಢವಾಗಿ, ಎಳೆಯ ಓಟ ಎದ್ದು ಕಾಣುತ್ತದೆ. ಮೊದಲ ಕೆತ್ತನೆಗೆ ಅಷ್ಟು ಬಣ್ಣ ಧಾರಾಳ ಸಾಕು. ಸಾಗರ, ಸೊರಬದ ಗುಡಿಗಾರರು ಗಂಧದ ಕೆತ್ತನೆಯಲ್ಲಿ ಮರದ ಬಣ್ಣವನ್ನೇ ನೆಚ್ಚಿಕೊಂಡವರು. ಕೊಪ್ಪಳದ ಕಿನ್ನಾಳದ್ದು ಬೇರೆಯೇ ದಾರಿ: ಅಲ್ಲಿ ಹುಣಸೆಬೀಜದ ಸರಿಯನ್ನು ಬಳಸಿ ಮರದ ಮೈಯನ್ನು ಪೂರ್ತಿ ಮುಚ್ಚಿ, ಅದರ ಮೇಲೆ ಬಣ್ಣ ಹಾಕುತ್ತಾರೆ. ಎರಡೂ ದೊಡ್ಡ ಪರಂಪರೆಗಳೇ. ಮರವನ್ನು ತೋರಿಸಬೇಕೋ ಮುಚ್ಚಬೇಕೋ ಎಂಬುದನ್ನು ಎರಡೂ ಕಡೆ ಮೊದಲೇ ತೀರ್ಮಾನಿಸಿರುತ್ತಾರೆ.

ಸ್ಟೇನ್ ಬೇಕೇ ಬೇಕೆಂದರೆ ಮೊದಲು ಅರಗಿನ ತೆಳು ಪದರ ಕೊಡಿ. ಪಾಲಿಶ್‌ನವರು ಬಳಸುವ ಸ್ಪಿರಿಟ್ 100 ಮಿ.ಲೀ.ಗೆ 6 ಗ್ರಾಂನಷ್ಟು ಅರಗಿನ ಚಕ್ಕೆ ಹಾಕಿ ರಾತ್ರಿಯಿಡೀ ಕರಗಲು ಬಿಟ್ಟು, ಒಂದೇ ಕೈ ಹಚ್ಚಿದರೆ ಕೊಳವೆಗಳ ಬಾಯಿ ಅರೆ ಮುಚ್ಚುತ್ತದೆ. ಒಣಗಿದ ಮೇಲೆ ಎಣ್ಣೆ ಆಧಾರದ ಸ್ಟೇನ್ ಹಚ್ಚಿ, ಕೆಲವೇ ನಿಮಿಷಗಳಲ್ಲಿ ಒರೆಸಿಬಿಡಿ. ಸ್ಪಿರಿಟ್ ಸ್ಟೇನ್ ಇಲ್ಲಿ ಸಲ್ಲದು, ಅದು ಕೆಳಗಿನ ಅರಗನ್ನೇ ಕರಗಿಸುತ್ತದೆ. ಒರೆಸುವಾಗ ಉಬ್ಬಿದ ಭಾಗ ತಿಳಿಯಾಗಿ, ಮಡಿಕೆಗಳ ಆಳದಲ್ಲಿ ಬಣ್ಣ ಉಳಿಯುತ್ತದೆ. ಕೆತ್ತನೆಗೆ ಬೇಕಾದ ನೆರಳು ಅದೇ. ಚೆನ್ನಾಗಿ ಒಣಗಿದ ಬಳಿಕ ಮೇಲೆ ಜೇನುಮೇಣ ತಿಕ್ಕಿದರಾಯಿತು.

ಸ್ಟೇನ್ ಬೇಡವೆಂದವರು ಅಂಗಡಿಯಲ್ಲಿ ಡಬಲ್ ಬಾಯ್ಲ್ಡ್ ಅಗಸೆ ಎಣ್ಣೆ ಕೇಳಬೇಕು. ಮನೆಯ ಕೊಬ್ಬರಿ ಎಣ್ಣೆ ಎಷ್ಟು ದಿನ ಕಳೆದರೂ ಗಟ್ಟಿಯಾಗುವುದಿಲ್ಲ, ಧೂಳು ಹಿಡಿಯುತ್ತದೆ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ, ಆಗ ಶಾಖ ಹೊಮ್ಮುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಆ ಶಾಖ ಒಳಗೇ ಸೇರಿ ತಾನಾಗಿ ಬೆಂಕಿ ಹೊತ್ತಿಕೊಳ್ಳಬಹುದು. ಎಣ್ಣೆ ಸ್ಟೇನ್ ಒರೆಸಿದ ಬಟ್ಟೆಗೂ ಇದೇ ಎಚ್ಚರಿಕೆ. ಬಟ್ಟೆಯನ್ನು ಹೊರಗೆ ತಂತಿಯ ಮೇಲೆ ಬಿಡಿಸಿ ಹರವಿ, ಬಿರುಸಾಗುವಷ್ಟು ಒಣಗಿದ ನಂತರವೇ ಕಸಕ್ಕೆ ಹಾಕಿ.