ಜೀವಕೋಶದ ಸ್ವಭಕ್ಷಣೆ ಮತ್ತು ಚರ್ಮದ ಕ್ಯಾನ್ಸರ್

ಹೈದರಾಬಾದಿನ ಬೇಸಗೆಯಲ್ಲಿ ಕಟ್ಟಡ, ರಸ್ತೆ ಕೆಲಸಗಳಲ್ಲಿ ತೊಡಗಿರುವ ಕಾರ್ಮಿಕರ ಚರ್ಮದ ಮೇಲೆ ದಿನವಿಡೀ ಅತಿನೇರಳೆ ಕಿರಣಗಳು ಬೀಳುತ್ತವೆ. ರಾಯಚೂರು, ಕಲಬುರಗಿ ಕಡೆಯಿಂದ ಬಂದವರೂ ಇವರಲ್ಲಿದ್ದಾರೆ. ಈ ಕಿರಣಗಳಿಂದ ಕೋಶಗಳಿಗಾಗುವ ಹಾನಿಯನ್ನು ತಗ್ಗಿಸುವ ಏರ್ಪಾಡುಗಳಲ್ಲಿ ಸ್ವಭಕ್ಷಣೆ, ಅಂದರೆ ಆಟೋಫಜಿ, ಒಂದು.

ಕೋಶವು ತನ್ನೊಳಗಿನ ಹಾಳಾದ ಭಾಗಗಳನ್ನು ಪೊರೆಯಲ್ಲಿ ಸುತ್ತಿ, ಲೈಸೋಸೋಮ್ ಎಂಬ ಚೀಲಕ್ಕೆ ಸಾಗಿಸಿ ಕರಗಿಸುತ್ತದೆ. ಹೀಗೆ ದೊರೆತ ದ್ರವ್ಯದಿಂದಲೇ ಹೊಸ ಭಾಗಗಳನ್ನು ಕಟ್ಟಿಕೊಳ್ಳುತ್ತದೆ. ಈ ಕ್ರಿಯೆಯ ಜೀನುಗಳನ್ನು ಯೀಸ್ಟಿನಲ್ಲಿ ಗುರುತಿಸಿದ ಜಪಾನಿನ ಯೋಶಿನೋರಿ ಒಸುಮಿ ಅವರಿಗೆ 2016ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಆರೋಗ್ಯವಂತ ಕೋಶದಲ್ಲಿ ಈ ಕ್ರಿಯೆ ಕ್ಯಾನ್ಸರನ್ನು ತಡೆಯಲು ನೆರವಾಗುತ್ತದೆ. ಆದರೆ ಗಡ್ಡೆ ಬೆಳೆದ ಮೇಲೆ ಸ್ಥಿತಿ ಬದಲಾಗುತ್ತದೆ. ರಕ್ತ ಸಾಕಷ್ಟು ತಲುಪದ ಗಡ್ಡೆಯ ಒಳಭಾಗದಲ್ಲಿ ಕ್ಯಾನ್ಸರ್ ಕೋಶಗಳು ಇದರಿಂದಲೇ ಪೋಷಣೆ ಪಡೆಯುತ್ತವೆ, ಔಷಧಗಳನ್ನೂ ತಾಳಿಕೊಳ್ಳುತ್ತವೆ. ಕಾವಲುಗಾರನೇ ಕಳ್ಳನಿಗೆ ಅನ್ನವಿಕ್ಕಿದಂತೆ! ಮಲೇರಿಯಾಕ್ಕೆ ಬಳಸಲಾಗುವ ಹೈಡ್ರಾಕ್ಸಿಕ್ಲೋರೋಕ್ವಿನ್ ಲೈಸೋಸೋಮಿನ ಕೆಲಸವನ್ನು ಕುಂಠಿತಗೊಳಿಸುತ್ತದೆ. ಆದುದರಿಂದ ಮೆಲನೋಮ ಎಂಬ ಉಗ್ರ ಚರ್ಮ ಕ್ಯಾನ್ಸರಿನ ರೋಗಿಗಳಲ್ಲಿ ಇತರ ಔಷಧಗಳೊಡನೆ ಅದರ ಪ್ರಯೋಗ ನಡೆದಿದೆ. ಅದು ಇನ್ನೂ ಅಂಗೀಕೃತ ಚಿಕಿತ್ಸೆಯಲ್ಲ. ಯಾರೂ ತಾವಾಗಿಯೇ ಸೇವಿಸಬಾರದು.

ಕಪ್ಪು ವರ್ಣದ್ರವ್ಯದ ರಕ್ಷಣೆಯಿಂದಾಗಿ ಭಾರತೀಯರಲ್ಲಿ ಮೆಲನೋಮ ವಿರಳ. ಆದರೂ ಬಿಸಿಲು ತಾಗದ ಅಂಗಾಲಿನಲ್ಲಿ, ಉಗುರಿನಡಿಯಲ್ಲಿ ಅದು ಕಾಣಿಸಿಕೊಳ್ಳುವುದುಂಟು. ಹಳೆಯ ಸುಟ್ಟ ಗಾಯದ ಕಲೆಯಲ್ಲಿ ಬೇರೊಂದು ಬಗೆಯ ಚರ್ಮ ಕ್ಯಾನ್ಸರ್ ಹುಟ್ಟಬಹುದು. ಮಾಯದ ಹುಣ್ಣು, ಬಣ್ಣ ಅಥವಾ ಗಾತ್ರ ಬದಲಿಸುವ ಮಚ್ಚೆ ಕಂಡುಬಂದರೆ ತಡಮಾಡದೆ ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಬೇಕು. ಹೈದರಾಬಾದಿನಲ್ಲಿ ರೆಡ್ ಹಿಲ್ಸ್‌ನ ಎಂ.ಎನ್.ಜೆ. ಕ್ಯಾನ್ಸರ್ ಸಂಸ್ಥೆಯಲ್ಲಿ ತಪಾಸಣೆ, ಚಿಕಿತ್ಸೆ ಎರಡೂ ದೊರೆಯುತ್ತವೆ.