ಪೇಟೆಂಟ್ ಅರ್ಜಿಯಲ್ಲಿ ಆವಿಷ್ಕಾರದ ವಿವರಣೆ

ಆವಿಷ್ಕಾರದ ಸಮರ್ಪಕ ವಿವರಣೆಯು ಪೇಟೆಂಟ್ ಪಡೆಯಲು ಕಾನೂನು ವಿಧಿಸುವ ಮುಖ್ಯ ಷರತ್ತುಗಳಲ್ಲಿ ಒಂದು. ಆಯಾ ಕ್ಷೇತ್ರದಲ್ಲಿ ಸಾಧಾರಣ ಪರಿಣತಿಯುಳ್ಳ ವ್ಯಕ್ತಿಯು ಅರ್ಜಿಯನ್ನು ಓದಿ, ತಾನೇ ಹೊಸದಾಗಿ ಸಂಶೋಧನೆ ನಡೆಸಬೇಕಾಗದೆ, ಆವಿಷ್ಕಾರವನ್ನು ಕಾರ್ಯರೂಪಕ್ಕೆ ತರುವಂತಿರಬೇಕು. ಆವಿಷ್ಕಾರಕನಿಗೆ ದೊರೆಯುವ 20 ವರ್ಷಗಳ ಏಕಸ್ವಾಮ್ಯಕ್ಕೆ ಪ್ರತಿಯಾಗಿ ಸಮಾಜಕ್ಕೆ ಸಲ್ಲುವುದು ಈ ಜ್ಞಾನವೇ. ಗುಟ್ಟನ್ನು ತನ್ನಲ್ಲೇ ಉಳಿಸಿಕೊಂಡು ಹಕ್ಕನ್ನು ಮಾತ್ರ ಪಡೆಯಲು ಅವಕಾಶವಿಲ್ಲ.

ಭಾರತದ ಕಾನೂನು

1970ರ ಪೇಟೆಂಟ್ ಕಾಯಿದೆಯ 10(4)ನೇ ಕಲಮಿನ ಪ್ರಕಾರ ಪೂರ್ಣ ವಿವರಣಾಪತ್ರವು ಆವಿಷ್ಕಾರವನ್ನೂ ಅದರ ಬಳಕೆಯನ್ನೂ ಕಾರ್ಯವಿಧಾನವನ್ನೂ ಸಂಪೂರ್ಣವಾಗಿ ವರ್ಣಿಸಬೇಕು; ಅರ್ಜಿದಾರನಿಗೆ ತಿಳಿದಿರುವ ಅತ್ಯುತ್ತಮ ವಿಧಾನವನ್ನು ಬಹಿರಂಗಪಡಿಸಬೇಕು; ಕೊನೆಯಲ್ಲಿ ರಕ್ಷಣೆ ಕೋರುವ ಅಂಶಗಳ ವ್ಯಾಪ್ತಿಯನ್ನು ಸ್ಪಷ್ಟಪಡಿಸಬೇಕು. ತಾತ್ಕಾಲಿಕ ವಿವರಣಾಪತ್ರ ಸಲ್ಲಿಸಿದವರು 12 ತಿಂಗಳೊಳಗೆ ಪೂರ್ಣ ವಿವರಣಾಪತ್ರ ಸಲ್ಲಿಸಬೇಕು. ಅದರಲ್ಲಿ ಬಿಟ್ಟುಹೋದ ಹೊಸ ವಿಷಯವನ್ನು ಮುಂದೆ ತಿದ್ದುಪಡಿಯ ಹೆಸರಿನಲ್ಲಿ ಸೇರಿಸಲು 59ನೇ ಕಲಮು ಅನುಮತಿಸುವುದಿಲ್ಲವಾದ್ದರಿಂದ ಆರಂಭದ ಲೋಪ ದುಬಾರಿಯಾಗಬಹುದು. ವಿವರಣೆ ಸಾಲದೆಂಬ ಕಾರಣಕ್ಕೆ 25ನೇ ಕಲಮಿನಡಿ ಆಕ್ಷೇಪಣೆ ಸಲ್ಲಿಸಬಹುದು. ಮಂಜೂರಾದ ಪೇಟೆಂಟನ್ನೂ 64ನೇ ಕಲಮಿನಡಿ ರದ್ದುಪಡಿಸಬಹುದು.

ಸೂಕ್ಷ್ಮಜೀವಿಗಳಂತಹ ಜೈವಿಕ ವಸ್ತುಗಳನ್ನು ಮಾತಿನಲ್ಲಿ ಪೂರ್ತಿ ವರ್ಣಿಸುವುದು ಕಷ್ಟ. ಅವು ಸಾರ್ವಜನಿಕರಿಗೆ ಲಭ್ಯವಿಲ್ಲದಿದ್ದರೆ ಬುಡಾಪೆಸ್ಟ್ ಒಪ್ಪಂದದಡಿ ಮಾನ್ಯತೆ ಪಡೆದ ಸಂಗ್ರಹಾಲಯದಲ್ಲಿ ಮಾದರಿಯನ್ನು ಇರಿಸಬೇಕು. ಚಂಡೀಗಢದಲ್ಲಿ ಅಂತಹ ಒಂದು ಸಂಗ್ರಹಾಲಯವಿದೆ.

ಪ್ರಮುಖ ಪ್ರಕರಣಗಳು

ಅಮೆರಿಕದ ಸಾಯರ್ ಮತ್ತು ಮ್ಯಾನ್ ವಿದ್ಯುದ್ದೀಪದ ತಂತುವಿಗೆ ಇದ್ದಿಲಾಗಿಸಿದ ಕಾಗದವನ್ನು ಬಳಸಿದ್ದರು. ಆದರೆ ಪೇಟೆಂಟಿನಲ್ಲಿ ಅವರು ಇದ್ದಿಲಾಗಿಸಿದ ಎಲ್ಲ ಬಗೆಯ ನಾರಿನ ಮತ್ತು ನೇಯ್ಗೆಯ ವಸ್ತುಗಳ ಮೇಲೆ ಹಕ್ಕು ಕೋರಿದರು. ಬಿದಿರಿನ ತಂತುವುಳ್ಳ ಎಡಿಸನ್ ದೀಪಗಳ ವಿರುದ್ಧ ಈ ಪೇಟೆಂಟನ್ನು ಮುಂದಿಟ್ಟು ಮೊಕದ್ದಮೆ ಹೂಡಲಾಯಿತು. ಎಡಿಸನ್ ಪರವಾಗಿ 6,000ಕ್ಕೂ ಹೆಚ್ಚು ಸಸ್ಯಮೂಲದ ವಸ್ತುಗಳ ಪರೀಕ್ಷೆ ನಡೆದಿತ್ತು. ಬಳಕೆಗೆ ಒದಗಿದ್ದು ಕೆಲವೇ ಬಗೆಯ ಬಿದಿರು. ಎಲ್ಲ ನಾರುಗಳಿಗೂ ಸಮಾನವಾದ, ಅವನ್ನು ತಂತುವಿಗೆ ಯೋಗ್ಯವಾಗಿಸುವ ಗುಣವನ್ನು ಪೇಟೆಂಟು ತೋರಿಸಿಲ್ಲವೆಂದು 1895ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ವಿಶಾಲ ಹಕ್ಕನ್ನು ತಳ್ಳಿಹಾಕಿತು.

ವಿವರಗಳ ರಾಶಿಯಲ್ಲಿ ಮುಖ್ಯಾಂಶವನ್ನು ಅಡಗಿಸುವುದೂ ಇಂತಹುದೇ ಲೋಪ. ವಯಾಗ್ರಾ ಔಷಧದ ಕೆನಡಾ ಪೇಟೆಂಟು ಅಸಂಖ್ಯ ಸಂಯುಕ್ತಗಳನ್ನು ಒಳಗೊಂಡಿತ್ತು. ಕೊನೆಯ ಎರಡು ಕೋರಿಕೆಗಳು ಒಂದೊಂದು ಸಂಯುಕ್ತವನ್ನು ಮಾತ್ರ ಹೆಸರಿಸಿದ್ದರೂ ಪರಿಣಾಮಕಾರಿಯೆಂದು ಕಂಡದ್ದು ಸಿಲ್ಡೆನಾಫಿಲ್ ಎಂದು ಎಲ್ಲಿಯೂ ಹೇಳಿರಲಿಲ್ಲ. ಎರಡರಲ್ಲಿ ಯಾವುದೆಂದು ತಿಳಿಯಲು ಓದುಗನೇ ಪ್ರಯೋಗ ಮಾಡಬೇಕಾಗುವುದರಿಂದ ವಿವರಣೆ ಸಾಲದೆಂದು ಕೆನಡಾದ ಸುಪ್ರೀಂ ಕೋರ್ಟ್ 2012ರಲ್ಲಿ ತೀರ್ಪಿತ್ತು, ಫೈಜರ್ ವಿರುದ್ಧ ಟೆವಾ ಕಂಪನಿಯ ವಾದವನ್ನು ಎತ್ತಿಹಿಡಿಯಿತು.